ಬಾವಿಯ ನೀರು, ಗೊದಮೊಟ್ಟೆಯ ಅನ್ನ

ಲಕ್ಕುಂಡಿಯ ಮಾಣಿಕೇಶ್ವರ ಗುಡಿಯ ಮಗ್ಗುಲಲ್ಲಿರುವ ಮುಸುಕಿನ ಬಾವಿಯನ್ನು ಕಾಣಲು ಬರುವವರು ಅದರ ಮೆಟ್ಟಿಲುಗಳ ಸೊಬಗನ್ನೂ, ಗೋಡೆಗಳಲ್ಲಿ ಚಾಲುಕ್ಯ ಶಿಲ್ಪಿಗಳು ಕಡೆದಿಟ್ಟ ಪುಟ್ಟ ಗುಡಿಗೂಡುಗಳನ್ನೂ ಮನಸಾರೆ ಮೆಚ್ಚುವರು. ಆದರೆ ಇಂತಹ ಹಳೆಯ ಬಾವಿಗಳ ಹಸುರು ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬಿಸಿಲಿಗೆ ಹಿಡಿದು ನೋಡುವವರು ವಿರಳ. ನೋಡಿದವರಿಗೆ, ಧೂಳೆಂದು ತೋರಿದ ಕಣಗಳು ತಾವಾಗಿಯೇ ಕುಪ್ಪಳಿಸುವುದು ಕಾಣುವುದು. ಅವುಗಳಲ್ಲೊಂದು ನೀರುಚಿಗಟ, ಮೂರು ಮಿಲಿಮೀಟರಿಗೆ ಮೀರುವುದು ಅಪರೂಪವಾದ ಅದರ ಕವಚ ಎಷ್ಟು ಪಾರದರ್ಶಕವೆಂದರೆ, ಸಾಧಾರಣ ಭೂತಗನ್ನಡಿಯಲ್ಲಿಯೇ ಒಳಗೆ ಮಿಡಿಯುವ ಹೃದಯವನ್ನೂ ಬೆನ್ನಿನ ಚೀಲದಲ್ಲಿರುವ ಮೊಟ್ಟೆಗಳನ್ನೂ ಕಾಣಬಹುದು. ಮತ್ತೊಂದು ಸೈಕ್ಲಾಪ್ಸ್, ಹಣೆಯ ನಡುವೆ ಒಂದೇ ಕಣ್ಣು, ಹೆಣ್ಣಾಗಿದ್ದರೆ ಬಾಲದ ಎರಡು ಪಕ್ಕಗಳಲ್ಲಿ ಎರಡು ಮೊಟ್ಟೆಚೀಲಗಳು.

ಇವು ಉಭಯಚರಗಳ ಎಷ್ಟೋ ಮರಿಗಳಿಗೆ ಪ್ರಾಣಾಧಾರ. ಬಾಲವುಳ್ಳ ಉಭಯಚರವಾದ ನ್ಯೂಟ್ ನಮ್ಮ ಕರ್ನಾಟಕದಲ್ಲಿಲ್ಲ. ಅದರ ಬಳಗದ ಜೀವಿಗಳನ್ನು ಭಾರತದಲ್ಲಿ ಕಾಣಬೇಕಾದರೆ ಡಾರ್ಜಿಲಿಂಗಿನ ಬೆಟ್ಟಗಳಿಗೋ ಈಶಾನ್ಯದ ಗಿರಿಗಳಿಗೋ ಹೋಗಬೇಕು. ಕತ್ತಿನ ಇಕ್ಕೆಲಗಳಲ್ಲಿ ಗರಿಯಂತಹ ಕಿವಿರುಗಳನ್ನು ಹರಡಿಕೊಂಡಿರುವ ನ್ಯೂಟಿನ ಮರಿಗೆ ಮೊದಲ ಕೆಲವು ದಿನ ಒಡಲಲ್ಲಿ ಉಳಿದ ಮೊಟ್ಟೆಯ ಬಂಡಾರವೇ ಸಾಕು. ಆಮೇಲೆ ಅದಕ್ಕೆ ಬೇಕಾದುದು ಚಲಿಸುವ ಆಹಾರ. ಕದಲದ ವಸ್ತುವನ್ನು ಅದು ಆಹಾರವೆಂದು ಗುರುತಿಸುವುದೇ ಕಷ್ಟ. ಆದುದರಿಂದ ನ್ಯೂಟನ್ನು ಸಾಕುವವರು ಕೊಳದ ನೀರನ್ನು ಬಟ್ಟೆಯಲ್ಲಿ ಸೋಸಿ, ಮೊದಲು ಸೈಕ್ಲಾಪ್ಸಿನ ಎಳೆಮರಿಗಳಂತಹ ಅತಿಸೂಕ್ಷ್ಮ ಜೀವಿಗಳನ್ನೂ, ಬಾಯಿ ಅಗಲವಾದಂತೆ ನೀರುಚಿಗಟಗಳನ್ನೂ, ಕಡೆಗೆ ಸೊಳ್ಳೆಯ ಮರಿಗಳನ್ನೂ ಉಣಿಸುವರು. ಸತ್ತ ಆಹಾರ ಕೊಳೆತು ನೀರನ್ನು ಕೆಡಿಸಿದರೆ, ತಿನ್ನದೆ ಉಳಿದ ನೀರುಚಿಗಟವಾದರೋ ಬದುಕಿದ್ದು ಪಾಚಿಯ ಕಣಗಳನ್ನೂ ಬ್ಯಾಕ್ಟೀರಿಯಗಳನ್ನೂ ಸೋಸಿ ತಿಂದು ನೀರನ್ನು ತಿಳಿಯಾಗಿಸುವುದು. ಆದರೆ ಕೊಳದ ನೀರಿನೊಡನೆ, ನೀರೊಳಗೆ ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಮರಿ ಬಂದಿತೆಂದರೆ ಸಾಕುವವನ ಶ್ರಮವೆಲ್ಲ ವ್ಯರ್ಥ; ಅದು ನ್ಯೂಟಿನ ಮರಿಗಳನ್ನೇ ಹಿಡಿದು ತಿನ್ನುವ ಘಾತುಕ.

ನ್ಯೂಟ್ ಇಲ್ಲದಿದ್ದರೇನಂತೆ, ಗದಗ ಸೀಮೆಯ ಹೊಂಡಗಳಲ್ಲಿ ಅದರಂತೆಯೇ ಬೇಟೆಯಾಡುವ ಮರಿಯೊಂದುಂಟು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಮೈಯೆಲ್ಲ ಹಳದಿಯೇರಿ, ಗಂಟಲ ಇಕ್ಕೆಲಗಳಲ್ಲಿ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುವ ಗೂಳಿಗಪ್ಪೆಯ ಮರಿಯೇ ಅದು. ಬಹುತೇಕ ಗೊದಮೊಟ್ಟೆಗಳು ಪಾಚಿಯನ್ನು ಕೆರೆದು ತಿಂದರೆ, ಇದು ಗಟ್ಟಿಯಾದ ಕೊಕ್ಕಿನಂತಹ ದವಡೆಗಳಿಂದ ಜೀವಿಗಳನ್ನು ಕಚ್ಚಿ ಹಿಡಿಯುವುದು. ಸೊಳ್ಳೆಯ ಮರಿಗಳನ್ನು ನುಂಗುವುದು. ಆಹಾರ ಸಾಲದಾದರೆ ಒಡಹುಟ್ಟಿದವುಗಳನ್ನೂ ಬಿಡದು. ಮಳೆಯ ಹೊಂಡ ಬತ್ತುವುದರೊಳಗೆ ಕಾಲು ಮೂಡಿ ದಡ ಸೇರಬೇಕಾದ ಜೀವಕ್ಕೆ ಇಂತಹ ಪುಷ್ಟಿಯಾದ ಆಹಾರ ಅನಿವಾರ್ಯ. ಆ ಆಹಾರವೂ ಮಳೆಗಾಗಿಯೇ ಕಾದಿರುವುದು: ಹೊಂಡ ಒಣಗುವ ಮುನ್ನ ನೀರುಚಿಗಟವು ಗಟ್ಟಿ ಹೊದಿಕೆಯ ಮೊಟ್ಟೆಗಳನ್ನು ಕೆಸರಿಗೆ ಬಿಟ್ಟಿರುತ್ತದೆ, ಬೇಸಗೆಯನ್ನು ಅಲ್ಲಿಯೇ ಕಳೆದ ಆ ಮೊಟ್ಟೆಗಳು ಹೊಸ ನೀರಿನಲ್ಲಿ ಒಡೆದು, ಹುಟ್ಟಿದ ಹೆಣ್ಣುಗಳು ಗಂಡಿನ ನೆರವಿಲ್ಲದೆಯೇ ಸಂತತಿಯನ್ನು ಬೆಳೆಸುವುವು.

ಇದೇ ಸೈಕ್ಲಾಪ್ಸ್ ಒಂದು ಕಾಲದಲ್ಲಿ ಮೆಟ್ಟಿಲು ಬಾವಿಗಳಿಗೆ ಕೆಟ್ಟ ಹೆಸರು ತಂದಿತ್ತು. ನಾರುಹುಣ್ಣಿನ ರೋಗಿ ನೀರಿಗಿಳಿದಾಗ ಅವನ ಕಾಲಿನಿಂದ ಹೊರಬಿದ್ದ ಹುಳುವಿನ ಮರಿಗಳನ್ನು ಸೈಕ್ಲಾಪ್ಸ್ ನುಂಗುತ್ತಿತ್ತು. ಆ ನೀರನ್ನು ಕುಡಿದವರ ಮೈಯಲ್ಲಿ ಸುಮಾರು ಒಂದು ವರ್ಷದ ಮೇಲೆ ಮೊಳಕ್ಕಿಂತ ಉದ್ದವಾಗಿ ಬೆಳೆದ ಹುಳು ಚರ್ಮವನ್ನು ಸೀಳಿ ಹೊರಬರುತ್ತಿತ್ತು. ಆ ಪಿಡುಗು ಇದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದನ್ನು ಅಳಿಸಿದ ಉಪಾಯಗಳಲ್ಲಿ ಅತಿ ಸರಳವಾದುದು ಕೊಡದ ಬಾಯಿಗೆ ಕಟ್ಟುವ ಒತ್ತಾದ ಅರಿವೆ. ಭಾರತದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ರಲ್ಲಿ ದೇಶ ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮರಿಗಳಿಗೆ ಆಹಾರ ಕೂಡಿಸುವ ಅರಿವೆಯೇ ಮನುಷ್ಯನನ್ನೂ ಕಾಯಿತೆಂಬುದು ನನಗೆ ಬಹು ಅರ್ಥವತ್ತಾಗಿ ತೋರುತ್ತದೆ.

ಈಗ ಆ ಭಯವಿಲ್ಲ. ಕುಡಿಯಲು ಬಳಸದ ಹಳೆಯ ಬಾವಿ, ಹೊಂಡಗಳ ಹೂಳೆತ್ತುವವರು ಕೀಟನಾಶಕವನ್ನು ಸುರಿಯದಿರಲಿ. ಸೊಳ್ಳೆಯ ನೆಪದಲ್ಲಿ ಗ್ಯಾಂಬೂಸಿಯ ಮೀನನ್ನು ಬಿಡುವ ಮುನ್ನ, ಅದು ಕಪ್ಪೆಯ ಮೊಟ್ಟೆಮರಿಗಳನ್ನೂ ತಿನ್ನುವುದೆಂಬುದನ್ನು ನೆನೆಯಲಿ. ಮಕ್ಕಳಿಗೆ ತೋರಿಸಲೆಂದು ನೀರನ್ನು ಮೊಗೆದವರು ನೋಡಿಯಾದ ಮೇಲೆ ಅದನ್ನು ಮೊಗೆದಲ್ಲಿಗೇ ಹಿಂದಕ್ಕೆ ಸುರಿಯಬೇಕೆಂದು ನನ್ನ ಬಿನ್ನಹ.