ಫರ್ಮಾ ಎಡವಿದ ಸಂಖ್ಯೆ

ಚದುರಂಗದ ಹಲಗೆಯ ಮೊದಲ ಮನೆಯಲ್ಲಿ ಒಂದು ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಮನೆಮನೆಗೂ ಇಮ್ಮಡಿಸುತ್ತ ಹೋಗುವ ಕಥೆಯನ್ನು ವಾಚಕರು ಬಲ್ಲರು. ೩೩ನೆಯ ಮನೆಯ ಕಾಳುಗಳಿಗೆ ಇನ್ನೊಂದನ್ನು ಕೂಡಿಸಿದರೆ ೪,೨೯,೪೯,೬೭,೨೯೭ ಆಗುತ್ತದೆ. ಮೇಲುನೋಟಕ್ಕೆ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ಮಹಾ ಗಣಿತಜ್ಞನೊಬ್ಬನ ದೃಢವಾದ ನಂಬಿಕೆಯೊಂದು ಈ ಸಂಖ್ಯೆಯಿಂದಲೇ ಮುರಿದುಬಿದ್ದಿತು.

ಆತನೇ ೧೭ನೆಯ ಶತಮಾನದ ಫ್ರಾನ್ಸಿನ ಪಿಯೆರ್ ಫರ್ಮಾ. ತುಲೂಸ್ ನಗರದಲ್ಲಿ ನ್ಯಾಯಾಧಿಕಾರಿಯಾಗಿದ್ದ ಆತನಿಗೆ ಗಣಿತವು ಬಿಡುವಿನ ವೇಳೆಯ ವಿನೋದವಾಗಿದ್ದಿತು. ೨ರ ಘಾತಗಳಲ್ಲಿ ೧, ೨, ೪, ೮, ೧೬ನೆಯವನ್ನು ಆರಿಸಿ, ಪ್ರತಿಯೊಂದಕ್ಕೂ ೧ನ್ನು ಕೂಡಿಸೋಣ. ದೊರೆಯುವ ಸಂಖ್ಯೆಗಳು ೩, ೫, ೧೭, ೨೫೭, ೬೫,೫೩೭. ಇವೆಲ್ಲವೂ ಅವಿಭಾಜ್ಯ ಸಂಖ್ಯೆಗಳು. ಎಂದರೆ, ೧ ಮತ್ತು ತಮ್ಮನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗತಕ್ಕವಲ್ಲ. ಈ ಸಾಲು ಎಷ್ಟು ಮುಂದುವರಿದರೂ ಅವಿಭಾಜ್ಯಗಳೇ ಬರುವುವೆಂದು ಫರ್ಮಾ ೧೬೪೦ರಲ್ಲಿ ನಂಬಿದನು. ಸಾಧನೆ ತನ್ನಲ್ಲಿಲ್ಲವೆಂಬುದನ್ನೂ ಒಪ್ಪಿಕೊಂಡನು. ಸಾಲಿನ ಮುಂದಿನ ಸಂಖ್ಯೆಯೇ, ೨ರ ೩೨ನೆಯ ಘಾತಕ್ಕೆ ೧ನ್ನು ಕೂಡಿಸಿದ ನಮ್ಮ ೪,೨೯,೪೯,೬೭,೨೯೭.

ಇದನ್ನು ಪರೀಕ್ಷಿಸುವುದೆಂತು? ಸಾಮಾನ್ಯ ಮಾರ್ಗವನ್ನು ಹಿಡಿದರೆ ಆರು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಾದೀತು. ಆದರೆ ೧೭೩೨ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಆಯ್ಲರನು ಈ ಸಂಖ್ಯೆಯು ೬೪೧ರಿಂದ ಭಾಗವಾಗುವುದೆಂದು ತೋರಿಸಿದನು. ಇದರ ಹಿಂದಿನ ನಿಯಮವನ್ನು ಆತನು ಮುಂದೆ ವಿವರಿಸಿದನು: ಈ ಸಂಖ್ಯೆಗೆ ಅವಿಭಾಜ್ಯ ಭಾಜಕವಿದ್ದರೆ, ಅದನ್ನು ೬೪ರಿಂದ ಭಾಗಿಸಿದಾಗ ಶೇಷ ೧ ಉಳಿಯಲೇಬೇಕು. ಅಂತಹ ಅವಿಭಾಜ್ಯಗಳು ೧೯೩, ೨೫೭, ೪೪೯, ೫೭೭, ೬೪೧... ಐದನೆಯ ಪ್ರಯತ್ನದಲ್ಲಿಯೇ ಉತ್ತರ! ಈ ನಿಯಮದ ಬೀಜವು ಫರ್ಮಾನದೇ ಆದ ಮತ್ತೊಂದು ಪ್ರಮೇಯದಲ್ಲಿದ್ದಿತೆಂಬುದು ಸೋಜಿಗದ ಸಂಗತಿ.

ದೀರ್ಘ ಭಾಗಾಕಾರವಿಲ್ಲದೆಯೂ ಇದನ್ನು ಮನಗಾಣಬಹುದು. ೬೪೧ ಎಂಬುದು ೬೨೫ ಮತ್ತು ೧೬ರ ಮೊತ್ತ. ಎಂದರೆ, ೫ರ ಮತ್ತು ೨ರ ನಾಲ್ಕನೆಯ ಘಾತಗಳ ಮೊತ್ತ. ಈ ಮೊತ್ತವನ್ನು ೨ರ ೨೮ನೆಯ ಘಾತದಿಂದ ಗುಣಿಸಿದರೆ, ಮೊದಲ ಭಾಗವು ೬೪೦ರ ನಾಲ್ಕನೆಯ ಘಾತವೂ ಎರಡನೆಯದು ೨ರ ೩೨ನೆಯ ಘಾತವೂ ಆಗುತ್ತವೆ. ಇವೆರಡೂ ಕೂಡಿ ೬೪೧ರ ಗುಣಕವಷ್ಟೆ. ಇನ್ನು, ೬೪೦ರ ನಾಲ್ಕನೆಯ ಘಾತದಿಂದ ೧ನ್ನು ಕಳೆದರೆ ಬರುವುದು ೬೩೯ × ೬೪೧ × ೪,೦೯,೬೦೧. ಇದೂ ೬೪೧ರ ಗುಣಕವೇ. ಮೊದಲಿನದರಿಂದ ಇದನ್ನು ಕಳೆದಾಗ ಉಳಿಯುವುದು ೨ರ ೩೨ನೆಯ ಘಾತ ಮತ್ತು ೧. ಆದುದರಿಂದ ನಮ್ಮ ಸಂಖ್ಯೆಯೂ ೬೪೧ರಿಂದ ಭಾಗವಾಗಲೇಬೇಕು. ಭಾಗಲಬ್ಧ ೬೭,೦೦,೪೧೭.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕು. ಗಣಿತದಲ್ಲಿ ಐದು ಅಗುಳುಗಳೂ ಸಾಲವು. ಗಣಕಯಂತ್ರಗಳು ಬಂದ ಮೇಲೆ ಈ ಸಾಲಿನ ಇನ್ನೂ ಅನೇಕ ಸಂಖ್ಯೆಗಳನ್ನು ಪರೀಕ್ಷಿಸಲಾಗಿದೆ. ಆರನೆಯ ಅವಿಭಾಜ್ಯವು ಈವರೆಗೆ ದೊರೆತಿಲ್ಲ. ಹಾಗೆಂದು, ಮುಂದೆಯೂ ದೊರೆಯದೆಂದು ನಾವು ಸಾರಿಬಿಡೋಣವೇ? ಸಾಧನೆಯಿಲ್ಲದೆ ಹಾಗೆ ಸಾರಿದರೆ, ಫರ್ಮಾ ಎಡವಿದಲ್ಲಿಯೇ ನಾವೂ ಎಡವಿದಂತಾಗುವುದು.