ಎರಡು ತಂತಿ ಸೇರುವ ಜಾಗ

ನಮ್ಮಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರ್. ಗೂಡು ಬೇಯುವ ಹಬೆಯ ನಡುವೆ ನಿಂತು, ಹರಿದ ನೂಲಿನ ತುದಿ ಹುಡುಕಿ ಗಂಟು ಹಾಕುವಾಗ ಅವರು ಹೇಳುತ್ತಿದ್ದದ್ದು ಒಂದೇ ಮಾತು: “ಗಂಟು ಸಣ್ಣಗಿರಬೇಕು, ಗಟ್ಟಿಯಾಗಿರಬೇಕು. ಇಲ್ಲದಿದ್ರೆ ಮಗ್ಗದಲ್ಲಿ ಸಿಕ್ಕಾಕ್ಕೊಳ್ತದೆ.” ಹಳೇ ಕಾರೊಂದನ್ನು ಕೊಂಡು ಅದರ ವೈರಿಂಗಿಗೆ ಕೈ ಹಾಕಿದ ಮೇಲೆ ಆ ಮಾತಿನ ಬೆಲೆ ನನಗೆ ಗೊತ್ತಾಯಿತು. ಕಾರಿಗೆ ನಾವು ಹೊರಗಡೆ ಹಾಕಿಸುವ ಫಾಗ್ ಲ್ಯಾಂಪ್, ಮ್ಯೂಸಿಕ್ ಸೆಟ್, ರಿವರ್ಸ್ ಕ್ಯಾಮೆರಾ ನಿಂತುಹೋದರೆ ಕೂಡಲೇ ಹೊಸದು ಕೊಳ್ಳುತ್ತೇವೆ. ನಾನು ಬಿಚ್ಚಿ ನೋಡಿದಾಗಲೆಲ್ಲ ಹೆಚ್ಚಾಗಿ ಕಂಡದ್ದು ಬೇರೆ. ವಸ್ತು ಚೆನ್ನಾಗಿಯೇ ಇರುತ್ತದೆ, ಅದನ್ನು ಕಾರಿಗೆ ಸೇರಿಸಿದ ಗಂಟು ಕೆಟ್ಟಿರುತ್ತದೆ.

ಇದು ನನಗೆ ಗೊತ್ತಾದದ್ದು ಒಂದು ಡಿಸೆಂಬರ್ ಬೆಳಗ್ಗೆ. ಚಿಕ್ಕಬಳ್ಳಾಪುರದಿಂದ ಊರಿಗೆ ಬರುತ್ತಿದ್ದೆ. ಆ ತಿಂಗಳಲ್ಲಿ ನಂದಿಬೆಟ್ಟದ ಸುತ್ತಲಿನ ಮಂಜು ಎಂಥದ್ದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹೆಡ್‌ಲೈಟಿನ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ. ಬಂಪರಿನ ಕೆಳಗಿನ ಫಾಗ್ ಲ್ಯಾಂಪ್ ಮಂಜಿನಡಿಯಲ್ಲಿ ರಸ್ತೆಗೆ ಬೆಳಕು ಚೆಲ್ಲಬೇಕು. ಅವತ್ತು ಅವೆರಡೂ ಬೂದಿ ಮುಚ್ಚಿದ ಕೆಂಡದ ಹಾಗಿದ್ದವು. ಹೂವಿನ ಮೂಟೆ ಹೊತ್ತ ಬೈಕೊಂದು ಹತ್ತು ಮಾರು ದೂರಕ್ಕೆ ಬರುವ ತನಕ ನನ್ನ ಕಣ್ಣಿಗೆ ಬೀಳಲಿಲ್ಲ. ಆ ಭಯ ಇನ್ನೂ ನೆನಪಿದೆ.

ಅಂಗಡಿಯವರು ಎರಡೂ ಲ್ಯಾಂಪ್ ಬದಲಾಯಿಸಬೇಕೆಂದರು. ನಾನು ಮನೆಗೆ ತಂದು ಬಿಚ್ಚಿದೆ. ಮಲ್ಟಿಮೀಟರ್ ಇಟ್ಟರೆ ಬ್ಯಾಟರಿಯಲ್ಲಿ 12.6 ವೋಲ್ಟ್, ಉರಿಯುತ್ತಿದ್ದ ಲ್ಯಾಂಪಿನ ಹತ್ತಿರ ಬರೀ 9. ಮಿಕ್ಕದ್ದು ದಾರಿಯಲ್ಲೆಲ್ಲೋ ಸೋರುತ್ತಿತ್ತು. ಕಪ್ಪು ತಂತಿಯನ್ನು, ಅಂದರೆ ಅರ್ತ್ ತಂತಿಯನ್ನು, ಹಿಡಿದು ಹೋದೆ. ಅದನ್ನು ಪೇಂಟಿನ ಮೇಲೆಯೇ ಒಂದು ಸ್ಕ್ರೂ ತಿರುಗಿಸಿ ಕಟ್ಟಿದ್ದರು. ಸ್ಕ್ರೂ ತುಕ್ಕು ಹಿಡಿದಿತ್ತು, ತಂತಿಯ ತುದಿಗೆ ಹಸಿರು ಕಿಲುಬು ಬಂದಿತ್ತು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು, ಆ ಜಾಗವನ್ನು ಉಪ್ಪುಕಾಗದದಿಂದ ಕಬ್ಬಿಣ ಹೊಳೆಯುವ ತನಕ ಉಜ್ಜಿದೆ. ತಂತಿಯನ್ನು ತಾಮ್ರ ಕೆಂಪಗೆ ಕಾಣುವಲ್ಲಿಗೆ ಕತ್ತರಿಸಿ, ಉಂಗುರದ ಟರ್ಮಿನಲ್ ಒತ್ತಿ, ಬೋಲ್ಟಿನಿಂದ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದೆ. ಅದೇ ಲ್ಯಾಂಪ್, ಅದೇ ಬಲ್ಬ್, ಬೆಳಕು ಮಾತ್ರ ಹೊಸದು.

ನೆಗೆಟಿವ್ ಟರ್ಮಿನಲನ್ನೇ ಮೊದಲು ಬಿಚ್ಚುವುದಕ್ಕೆ ಕಾರಣವಿದೆ. ಕಾರಿನ ಮೈಯೆಲ್ಲ ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ, ಕೈ ಸುಡುತ್ತದೆ. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ಆ ಭಯವಿಲ್ಲ.

ಅದೇ ಲ್ಯಾಂಪಿನ ಇನ್ನೊಂದು ತುದಿಯಲ್ಲಿ ಫ್ಯೂಸ್ ಇದೆ. 55 ವ್ಯಾಟಿನ ಎರಡು ಬಲ್ಬ್ ಎಳೆಯುವುದು ಸುಮಾರು 9 ಆಂಪಿಯರ್, ಅದಕ್ಕೆ 15 ಆಂಪಿಯರಿನ ನೀಲಿ ಫ್ಯೂಸ್ ಸಾಕು. ಫ್ಯೂಸ್ ಪದೇ ಪದೇ ಹೋಗುತ್ತದೆಂದು 30ರ ಹಸಿರು ಫ್ಯೂಸ್ ಸಿಕ್ಕಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫ್ಯೂಸ್ ಉಳಿಯುತ್ತದೆ, ಒಳಗೆ ತಂತಿ ಉರಿಯುತ್ತದೆ. ಇಷ್ಟು ಕರೆಂಟನ್ನು ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚೂ ತಡೆಯಲಾರದು, ನಡುವೆ ರಿಲೇ ಬೇಕು. ರಿಲೇಯ 30ನೇ ಪಿನ್ನಿಗೆ ಫ್ಯೂಸ್ ಮೂಲಕ ಬ್ಯಾಟರಿ, 87ಕ್ಕೆ ಲ್ಯಾಂಪ್, 85 ಮತ್ತು 86ರಲ್ಲಿ ಒಂದಕ್ಕೆ ಸ್ವಿಚ್, ಇನ್ನೊಂದಕ್ಕೆ ಅರ್ತ್. ಸ್ವಿಚ್ ಒತ್ತಿದಾಗ ‘ಟಿಕ್’ ಎಂದು ಕೇಳಿಸಿದರೆ ರಿಲೇಯ ಕಾಯಿಲ್ ಸರಿಯಿದೆ, ಮುಂದಿನ ತಂತಿ ನೋಡಿ.

ಚಿಂತಾಮಣಿಯಲ್ಲಿ ಅಕ್ಕನ ಮನೆಯ ಕಾರಿಗೆ ಬೇರೆ ಕಾಯಿಲೆ. ನಾಲ್ಕು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಭಾವ ಎರಡು ಬ್ಯಾಟರಿ ಬದಲಾಯಿಸಿದ್ದರು.

“ಭಾವ, ಸೆಟ್ ಹಾಕಿಸಿದ್ದು ಯಾವಾಗ?”

“ಹೋದ ಯುಗಾದಿಗೆ. ಬ್ಯಾಟರಿ ಕೈಕೊಡೋಕೆ ಶುರುವಾಗಿದ್ದೂ ಆಮೇಲೇ ಕಣಪ್ಪ.”

ಸೆಟ್ಟಿನ ಹಳದಿ ತಂತಿಗೆ ಸದಾ ಕರೆಂಟ್ ಇರಬೇಕು, ಗಡಿಯಾರ, ಸ್ಟೇಷನ್‌ಗಳ ನೆನಪು ಉಳಿಯುವುದು ಅದರಿಂದ. ಕೆಂಪು ತಂತಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಕೀ ಇಲ್ಲದೆಯೂ ಹಾಡು ಬರಲೆಂದು ಯಾರೋ ಎರಡನ್ನೂ ಸೇರಿಸಿ ಹೊಸೆದಿದ್ದರು. ಸೆಟ್ ನಿದ್ದೆಯನ್ನೇ ಮಾಡುತ್ತಿರಲಿಲ್ಲ. ನೆಗೆಟಿವ್ ಟರ್ಮಿನಲಿಗೂ ಅದರ ಕೇಬಲಿಗೂ ನಡುವೆ ಮೀಟರನ್ನು 10 ಆಂಪಿಯರಿನಲ್ಲಿ ಇಟ್ಟು, ಬಾಗಿಲು ಮುಚ್ಚಿ, ಕಾಲು ಗಂಟೆ ಕಾದೆವು. 0.05 ಆಂಪಿಯರಿಗಿಂತ ಕಡಿಮೆ ತೋರಿಸಬೇಕಾದಲ್ಲಿ 0.25 ಇತ್ತು. ನಾಲ್ಕು ದಿನಕ್ಕೆ 24 ಆಂಪಿಯರ್-ಗಂಟೆ ಆಯಿತು, ಭಾವನ ಬ್ಯಾಟರಿ ಇರುವುದೇ 35. ಕೆಂಪು ತಂತಿಯನ್ನು ಅದರ ಜಾಗಕ್ಕೆ ಸೇರಿಸಿದೆವು, ಕಾಯಿಲೆ ಹೋಯಿತು. ಹೀಗೆ ಅಳೆಯುವಾಗ ಮಾತ್ರ ಕಾರು ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಗೌರಿಬಿದನೂರಿನ ಚಿಕ್ಕಮ್ಮನ ಮಗನ ರಿವರ್ಸ್ ಕ್ಯಾಮೆರಾ ಡಿಕ್ಕಿ ಬಾಗಿಲು ತೆರೆದಾಗ ಚಿತ್ರ ತೋರಿಸುತ್ತಿತ್ತು, ಮುಚ್ಚಿದರೆ ಕತ್ತಲು. ಡಿಕ್ಕಿ ಕೀಲಿನ ಬಳಿ ರಬ್ಬರ್ ಕೊಳವೆಯೊಳಗೆ ತಂತಿ ದಿನವೂ ಮಡಚಿ ಮಡಚಿ, ಮೇಲಿನ ಸಿಪ್ಪೆ ಸರಿಯಿದ್ದರೂ ಒಳಗೆ ತಾಮ್ರ ಮುರಿದಿರುತ್ತದೆ. ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ಆನ್ ಇಟ್ಟು ರಿವರ್ಸ್ ಗೇರ್ ಹಾಕಿದ. ನಾನು ತಂತಿಯನ್ನು ಬೆರಳಲ್ಲಿ ಒತ್ತುತ್ತಾ ಹೋದೆ. ಒಂದು ಕಡೆ ತಂತಿ ಮೆತ್ತಗೆ, ಮೂಳೆಯಿಲ್ಲದ ಹಾಗೆ ಬಗ್ಗಿತು. ಅಲ್ಲೇ “ಚಿತ್ರ ಹೋಯ್ತು ಅಣ್ಣ!” ಎಂದು ಒಳಗಿನಿಂದ ಕೂಗಿದ. ಕರೆಂಟಿನ ಎರಡು ಎಳೆಗಳನ್ನು ಒಂದರ ಪಕ್ಕ ಒಂದು ಗಂಟು ಬಾರದಂತೆ, ಕೀಲಿನಿಂದ ದೂರದಲ್ಲಿ ಸೇರಿಸಿ, ಮೇಲೆ ಬಿಸಿಗೆ ಮುದುಡುವ ಸ್ಲೀವ್ ಹಾಕಿ, ತಂತಿಯನ್ನು ಸ್ವಲ್ಪ ಸಡಿಲ ಬಿಟ್ಟೆ. ಹರಿದಿದ್ದು ಚಿತ್ರದ ಕೇಬಲ್ ಆಗಿದ್ದರೆ ಗಂಟು ಹಾಕದೆ ಕೇಬಲನ್ನೇ ಬದಲಾಯಿಸುತ್ತಿದ್ದೆ.

ಮನೆಯಲ್ಲಿ ಕೈ ಹಾಕಬಾರದ ಜಾಗಗಳೂ ಇವೆ. ಹಳದಿ ಕವಚದ ಏರ್‌ಬ್ಯಾಗ್ ತಂತಿ, ಬ್ರೇಕಿನ ತಂತಿ ಮುಟ್ಟಬೇಡಿ. 60/55 ವ್ಯಾಟಿನ ಹೆಡ್‌ಲೈಟಿಗೆ 100/90ರ ಬಲ್ಬ್ ಹಾಕಿದರೆ ಹೋಲ್ಡರ್ ಕರಗುತ್ತದೆ, ಎದುರಿನವನ ಕಣ್ಣು ಕುಕ್ಕುತ್ತದೆ. ಮುಂದಿನ ಕಬ್ಬಿಣದ ಗಾರ್ಡಿಗೆ ಫಾಗ್ ಲ್ಯಾಂಪ್ ಕಟ್ಟಿದ್ದರೆ ಗಾರ್ಡನ್ನೇ ತೆಗೆಸಿ. ಅಂಥ ಗಾರ್ಡು ಕಾನೂನಿಗೆ ವಿರುದ್ಧ, ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ.

ಇಷ್ಟಕ್ಕೆ ಬೇಕಾದ ಸಾಮಾನು ಒಂದು ಮಲ್ಟಿಮೀಟರ್, ತಂತಿ ಸುಲಿಯುವ ಕಟರ್, ಟರ್ಮಿನಲ್ ಒತ್ತುವ ಇಕ್ಕಳ, ಉಪ್ಪುಕಾಗದ. ನನ್ನ ಡಬ್ಬಿಯಲ್ಲಿ ಇನ್ಸುಲೇಷನ್ ಟೇಪ್ ಕೊನೆಗೆ ಬರುತ್ತದೆ, ಬಿಸಿಲಿಗೆ ಅದರ ಅಂಟು ಬಿಡುತ್ತದೆ. ಫಾಗ್ ಲ್ಯಾಂಪಿನ ಕೆಲಸ ಮುಗಿದ ಸಂಜೆ ಅಪ್ಪ ಅಂಗಳಕ್ಕೆ ಬಂದು, ನಾನು ಹಾಕಿದ ಜೋಡಣೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ನೂಲು ನೋಡುವ ಹಾಗೆ ಮೆಲ್ಲಗೆ ಎಳೆದು ನೋಡಿದರು. ಅದು ಕದಲಲಿಲ್ಲ. “ಬಾನೆಟ್ ಮುಚ್ಚು” ಅಂದರು.