ಕಡಲನ್ನು ಬಿಡಿಸಿ ಹೇಳುವುದು

ಮಳೆಗಾಲ ಶುರುವಾಗುವ ಮೊದಲೇ ಮುಂಬಯಿ ಮಹಾನಗರಪಾಲಿಕೆಯ ಒಂದು ಪಟ್ಟಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ದಿನ, ಎಷ್ಟು ಗಂಟೆಗೆ ಸಮುದ್ರದ ಉಬ್ಬರ 4.5 ಮೀಟರ್ ದಾಟುತ್ತದೆ ಎನ್ನುವ ಪಟ್ಟಿ. ಅದು ವಾಟ್ಸ್‌ಆ್ಯಪ್‌ನಲ್ಲಿ ಸುತ್ತಿ ಸುತ್ತಿ ಕುಮಟಾದ ನಮ್ಮ ಮನೆಗೂ ತಲುಪುತ್ತದೆ. ಕೂಡಲೇ ಅಮ್ಮನ ಫೋನು: "ನಾಲ್ಕೂವರೆ ಮೀಟರ್ ಅಲೆ ಬರ್ತದಂತೆ ಮಗಾ, ಅವತ್ತು ಆಫೀಸಿಗೆ ಹೋಗ್ಬೇಡ."

ಅಮ್ಮನೊಬ್ಬಳೇ ಅಲ್ಲ, ಇಲ್ಲೇ ಇಪ್ಪತ್ತು ವರ್ಷ ಲೋಕಲ್ ಟ್ರೇನಿನಲ್ಲಿ ಓಡಾಡಿದವರೂ ಹಾಗೇ ತಿಳಿದಿದ್ದಾರೆ. ನಿಜಕ್ಕೂ ಆ 4.5 ಮೀಟರ್ ಅಲೆಯ ಎತ್ತರವಲ್ಲ. ಇಳಿತದ ವೇಳೆ ನೀರು ಅತಿ ಕೆಳಗೆ ಇಳಿಯುವ ಮಟ್ಟದ ಹತ್ತಿರ ಒಂದು ಗೆರೆ ಗುರುತು ಹಾಕಿಕೊಂಡು, ಅಲ್ಲಿಂದ ಮೇಲಕ್ಕೆ ನೀರು ಎಷ್ಟು ಏರಿದೆ ಎಂದು ಅಳೆದ ಲೆಕ್ಕ. ಅಲೆ ಏಳುವುದು ಆ ನೀರಿನ ಮೇಲೆ, ಅದರ ಲೆಕ್ಕವೇ ಬೇರೆ. ಬಾಯಲ್ಲಿ ಹೇಳಿದರೆ ಕೇಳಿದವರು "ಹ್ಞೂಂ" ಅಂದು ಮರೆಯುತ್ತಾರೆ. ಕಾಗದದ ಮೇಲೆ ಒಂದು ಅಡ್ಡಗೆರೆ, ಅದರ ಮೇಲೆ ನಿಂತ ನೀರು, ನೀರಿನ ಮೇಲೆ ಒಂದು ಪುಟ್ಟ ಅಲೆ ಬರೆದು ತೋರಿಸಿದರೆ ಮತ್ತೆ ಕೇಳುವುದಿಲ್ಲ.

ಕನ್ನಡದಲ್ಲಿ ಚಿತ್ರ ಬರೆಯುವುದಕ್ಕೂ ಗಂಟು ಸಡಿಲಿಸುವುದಕ್ಕೂ 'ಬಿಡಿಸು' ಎನ್ನುವ ಒಂದೇ ಮಾತಿದೆ. ಕಡಲಿನ ವಿಷಯದಲ್ಲಿ ಎರಡೂ ಒಂದೇ ಕೆಲಸ. ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ದಿನವಿಡೀ ವೈಟ್‌ಬೋರ್ಡ್ ಮೇಲೆ ಚೌಕ, ಬಾಣ ಬರೆದೇ ಸಂಬಳ ಎಣಿಸುವವನು. ಅಂಧೇರಿಯಲ್ಲಿ ನಾವು ಕೆಲವರು ಸೇರಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಅಲ್ಲಿ ಕನ್ನಡದ ಪಾಠಕ್ಕೆ ಸಮುದ್ರವೇ ವಸ್ತುವಾದದ್ದು ಹೀಗೆ, ಚೌಕ ಬಾಣಗಳ ಅಭ್ಯಾಸಬಲದಿಂದ.

ಮೊದಲು ಬರೆದದ್ದು ನಗರದ ಅಡ್ಡಸೀಳು. ಎಡಕ್ಕೆ ಸಮುದ್ರ, ಬಲಕ್ಕೆ ತಟ್ಟೆಯಂತೆ ತಗ್ಗಾದ ಹಿಂದ್‌ಮಾತಾ, ನಡುವೆ ನೆಲದಡಿಯ ಚರಂಡಿ. ಇಳಿತದಲ್ಲಿ ಮಳೆನೀರು ತಾನಾಗಿ ಸಮುದ್ರಕ್ಕೆ ಇಳಿಯುತ್ತದೆ. ಉಬ್ಬರದಲ್ಲಿ ಚರಂಡಿಯ ಬಾಯಿಯೇ ಮುಳುಗಿರುತ್ತದೆ, ನೀರಿಗೆ ಹೋಗಲು ದಾರಿಯಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು, ಅದೇ ಮಧ್ಯಾಹ್ನ ಉಬ್ಬರವೂ ಏರಿತ್ತು. ಎರಡೂ ಒಟ್ಟಿಗೆ ಬಂದದ್ದರಿಂದ ಅನಾಹುತ ಇನ್ನಷ್ಟು ಹೆಚ್ಚಿತು. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್‌ನಂಥ ಕಡೆ ದೊಡ್ಡ ಪಂಪುಗಳು ಕೂತಿರುವುದು ಇದಕ್ಕೇ: ತಾನಾಗಿ ಇಳಿಯದ ನೀರನ್ನು ಎತ್ತಿ ಆಚೆ ಹಾಕಲು. ಈ ಚಿತ್ರ ನೋಡಿದ ಮೇಲೆ ಪಾಲಿಕೆಯ ಪಟ್ಟಿಯನ್ನು ಓದುವ ರೀತಿ ಬದಲಾಗುತ್ತದೆ. ಉಬ್ಬರ ಒಂದೇ ಇದ್ದರೆ ಆಫೀಸಿಗೆ ಹೋಗಬಹುದು. ಉಬ್ಬರದ ಗಂಟೆಗೇ ಭಾರೀ ಮಳೆಯ ಮುನ್ಸೂಚನೆಯೂ ಇದ್ದರೆ ಮಕ್ಕಳನ್ನು ಶಾಲೆಯಿಂದ ಬೇಗ ಕರೆತರಬೇಕು. ಜೀವ ಉಳಿಸುವ ವ್ಯತ್ಯಾಸ ಇದು.

ಎರಡನೆಯದು ಚಂದ್ರನ ಚಿತ್ರ. ಹುಣ್ಣಿಮೆಗೆ ಕಡಲು ಉಕ್ಕುತ್ತದೆ ಎಂದು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಅಮಾವಾಸ್ಯೆಗೂ ಅಷ್ಟೇ ಉಕ್ಕುತ್ತದೆ, ಏಕೆಂದರೆ ಎರಡೂ ದಿನ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿನಲ್ಲಿರುತ್ತವೆ. ಚಂದ್ರನ ಕಡೆ ನೀರು ಉಬ್ಬುವುದು ಮಕ್ಕಳಿಗೆ ತಿಳಿಯುತ್ತದೆ. "ಆಚೆ ಬದಿಗೂ ಯಾಕೆ ಉಬ್ಬುತ್ತೆ ಅಂಕಲ್?" ಎನ್ನುವ ಪ್ರಶ್ನೆ ಪ್ರತಿಸಲವೂ ಬರುತ್ತದೆ. ಮೂರು ಬಾಣ ಬರೆಯುತ್ತೇನೆ. ಹತ್ತಿರದ ನೀರಿನ ಮೇಲೆ ಉದ್ದ ಬಾಣ, ಭೂಮಿಯ ನಡುವೆ ಮಧ್ಯಮ, ಆಚೆಯ ನೀರಿನ ಮೇಲೆ ಗಿಡ್ಡ. ಈಚೆಯ ನೀರನ್ನು ಚಂದ್ರ ಭೂಮಿಗಿಂತ ಹೆಚ್ಚು ಎಳೆಯುತ್ತಾನೆ, ಆಚೆಯದನ್ನು ಕಡಿಮೆ. ಹಾಗಾಗಿ ಆಚೆಯದು ಹಿಂದುಳಿದು ಉಬ್ಬುತ್ತದೆ. ದಿನಕ್ಕೆ ಎರಡು ಉಬ್ಬರ ಬಂತು. ಚಂದ್ರನೂ ಮುಂದೆ ಸಾಗುತ್ತಿರುವುದರಿಂದ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ.

ಮುಂಬಯಿಯ ಕೋಳಿಗಳು ಇದನ್ನು ತಿಥಿಯಲ್ಲೇ ಲೆಕ್ಕ ಹಾಕುತ್ತಾರೆ. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಿಗೆ ಹೆಚ್ಚುಕಡಿಮೆ ನಡುಹಗಲು, ನಡುರಾತ್ರಿ ಉಬ್ಬರ. ಮುಂದಿನ ಪ್ರತಿ ತಿಥಿಗೆ ಮುಕ್ಕಾಲು ಗಂಟೆ ಸೇರಿಸಿದರೆ ಅಂದಾಜು ವೇಳೆ ಸಿಗುತ್ತದೆ. ಅವರ 'ಭರತಿ' ನಮ್ಮ ಕರಾವಳಿಯ 'ಭರತ'ಕ್ಕೆ ನೆಂಟ ಎನ್ನುವುದು ಕನ್ನಡ ಪಾಠಕ್ಕೆ ಸಿಕ್ಕ ಲಾಭ.

ಮೂರನೆಯ ಚಿತ್ರ ಊರಿನಿಂದ ಬಂದವರ ಬೆರಗಿನದ್ದು. ಜುಹೂವಿನಲ್ಲಿ ಇಳಿತದ ಹೊತ್ತು ನೀರು ಅಷ್ಟು ದೂರ ಹೋಗುತ್ತದಲ್ಲ, ಕಾರವಾರದಲ್ಲಿ, ಮಂಗಳೂರಿನಲ್ಲಿ ಹಾಗೇಕಿಲ್ಲ? ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಹೋದಂತೆ ಏರಿಳಿತ ಹೆಚ್ಚುತ್ತದೆ, ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರನ್ನೂ ದಾಟುತ್ತದೆ. ದಡದಿಂದ ಆಚೆ ಆಳವಿಲ್ಲದೆ ಚಾಚಿರುವ ಕಡಲಜಗಲಿ ದಕ್ಷಿಣದಲ್ಲಿ ಕಿರಿದು, ಮುಂಬಯಿಯ ಮುಂದೆ ಸುಮಾರು 300 ಕಿಲೋಮೀಟರ್ ಅಗಲ. ಆ ಜಗಲಿಯ ಮೇಲೆ ಹತ್ತಿ, ಲಾಳಿಕೆಯಂಥ ಕೊಲ್ಲಿಯ ಕಡೆ ಒತ್ತರಿಸಿದ ನೀರಿಗೆ ಮೇಲೇಳದೆ ಬೇರೆ ದಾರಿಯಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. 300 ಕಿಲೋಮೀಟರ್ ಜಗಲಿಯನ್ನು 30 ಸೆಂಟಿಮೀಟರ್ ಕಾಗದದಲ್ಲಿ ಅಳತೆಗೆ ಸರಿಯಾಗಿ ಬರೆದರೆ, ಅದರಂಚಿನ 200 ಮೀಟರ್ ಆಳ 0.2 ಮಿಲಿಮೀಟರ್ ಆಗುತ್ತದೆ. ಪೆನ್ಸಿಲ್ ಗೆರೆಯಷ್ಟೂ ದಪ್ಪವಿಲ್ಲ! ಆದ್ದರಿಂದ ಕಡಲಿನ ಚಿತ್ರ ಬರೆಯುವವರೆಲ್ಲ ಆಳವನ್ನು ಹಿಗ್ಗಿಸಿಯೇ ಬರೆಯುತ್ತಾರೆ. ತಪ್ಪಿಲ್ಲ, ಆದರೆ ಎಷ್ಟು ಹಿಗ್ಗಿಸಿದೆ ಎಂದು ಕೆಳಗೆ ಬರೆಯಬೇಕು. ಇಲ್ಲದಿದ್ದರೆ ಜುಹೂವಿನಾಚೆ ದೊಡ್ಡ ಪ್ರಪಾತವಿದೆ ಎಂದು ಮಗು ನಂಬುತ್ತದೆ.

ಚಿತ್ರ ಕೇವಲ ಮಕ್ಕಳಾಟವಲ್ಲ ಎನ್ನುವುದಕ್ಕೆ ಮೇರಿ ಥಾರ್ಪ್ ಸಾಕ್ಷಿ. 1950ರ ದಶಕದಲ್ಲಿ ಅಮೆರಿಕದಲ್ಲಿ ಹೆಣ್ಣೆಂಬ ಕಾರಣಕ್ಕೆ ಸಂಶೋಧನಾ ಹಡಗು ಹತ್ತಲು ಬಿಡದಿದ್ದಾಗ, ಗಂಡಸರು ಅಳೆದು ತಂದ ಆಳದ ಅಂಕಿಗಳನ್ನು ಮೇಜಿನ ಮೇಲೆ ಚಿತ್ರವಾಗಿಸಿದವಳು ಆಕೆ. ಅಟ್ಲಾಂಟಿಕ್ ತಳದ ಬೆಟ್ಟಸಾಲಿನ ನಡುವೆ ಉದ್ದಕ್ಕೂ ಸೀಳು ಕಂಡದ್ದು ಆ ಚಿತ್ರದಲ್ಲೇ. ಸಹೋದ್ಯೋಗಿ ಬ್ರೂಸ್ ಹೀಜನ್ ಮೊದಲು ನಂಬಲಿಲ್ಲ. ಆಮೇಲೆ ಅದೇ ಭೂಖಂಡಗಳು ಸರಿಯುತ್ತವೆ ಎನ್ನುವುದಕ್ಕೆ ದೊಡ್ಡ ಆಧಾರವಾಯಿತು. ಇವರ ಲೆಕ್ಕದ ಮೇಲೆ ಹಿಂದೂ ಮಹಾಸಾಗರದ ತಳವನ್ನು ಬಣ್ಣದಲ್ಲಿ ಬರೆದವನು ಆಸ್ಟ್ರಿಯದ ಹೈನ್ರಿಕ್ ಬೆರಾನ್, ಪ್ರವಾಸಿಗರಿಗಾಗಿ ಆಲ್ಪ್ಸ್ ಬೆಟ್ಟಗಳನ್ನು ಬರೆಯುತ್ತಿದ್ದ ಕಲಾವಿದ. 1967ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಅದನ್ನು ಹೊರತಂದಿತು.

ನಮ್ಮಲ್ಲೂ ಪರಂಪರೆಯಿದೆ. ಕರಾವಳಿಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ'ಗಳಲ್ಲಿ ಚಿತ್ರಗಳ ಜೊತೆಗೇ ಕನ್ನಡದಲ್ಲಿ ವಿಜ್ಞಾನ ಹೇಳಿದರು. ಇಂದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ, ಉಪಗ್ರಹ ಕಂಡ ನೀರಿನ ಬಿಸಿ ಮತ್ತು ಹಸಿರನ್ನು ನಕ್ಷೆಯಾಗಿಸಿ, ಮೀನು ಸಿಗುವ ಸಂಭವವಿರುವ ಜಾಗಗಳನ್ನು ಮೀನುಗಾರರಿಗೆ ಅವರವರ ಭಾಷೆಯಲ್ಲೇ ತಿಳಿಸುತ್ತದೆ. ಕನ್ನಡವೂ ಅದರಲ್ಲಿದೆ. ಡೀಸೆಲ್ ದುಬಾರಿಯಾದ ಕಾಲದಲ್ಲಿ ಎತ್ತ ಹೋಗಬೇಕೆಂದು ಹೇಳುವ ನಕ್ಷೆಯೆಂದರೆ ಬಲೆಯಷ್ಟೇ ಮುಖ್ಯ.

ಮುಂಬಯಿಯಲ್ಲಿ 2017ರಿಂದ 'ಮರೀನ್ ಲೈಫ್ ಆಫ್ ಮುಂಬಯಿ' ತಂಡ ಇಳಿತದ ವೇಳೆ ಜನರನ್ನು ಬಂಡೆಗಳ ಮೇಲೆ ಕರೆದೊಯ್ದು ಹಾಜಿ ಅಲಿ, ಜುಹೂ ತೀರದ ಜೀವಿಗಳನ್ನು ತೋರಿಸುತ್ತಿದೆ. ಹೋಗುವಾಗ ಒಂದು ನೋಟ್‌ಬುಕ್ ಒಯ್ಯಿರಿ. ಫೋಟೋ ತೆಗೆದವರು ಮುಂದೆ ಹೋಗಿಬಿಡುತ್ತಾರೆ, ಬರೆಯುವವರು ನಿಂತು ನೋಡಲೇಬೇಕು.

ಮಳೆಗಾಲದಲ್ಲಿ ಜುಹೂ ಮರಳಿನ ಮೇಲೆ ಬೀಳುವ ನೀಲಿ ಬಲೂನಿನಂಥ 'ಬ್ಲೂ ಬಾಟಲ್' ಹೀಗೆ ಬರೆದು ನೋಡಬೇಕಾದ ಪ್ರಾಣಿ. ಅದು ಒಂದು ಪ್ರಾಣಿಯಲ್ಲ, ಒಟ್ಟಾಗಿ ಬಾಳುವ ಹಲವು ಪುಟ್ಟ ಜೀವಿಗಳ ಕೂಟ. ಬಲೂನು ಅದರ ಹಾಯಿ, ಮುಂಗಾರಿನ ಗಾಳಿ ಅದನ್ನು ದಡಕ್ಕೆ ತಳ್ಳುತ್ತದೆ. ಬಲೂನಿಗಿಂತ ಹಲವು ಪಟ್ಟು ಉದ್ದದ ಎಳೆಗಳಲ್ಲಿ ವಿಷವಿದೆ, ಸತ್ತು ಬಿದ್ದದ್ದೂ ಕುಟುಕುತ್ತದೆ. ಚಿತ್ರದಲ್ಲಿ ಆ ಎಳೆಗಳನ್ನು ಉದ್ದಕ್ಕೆ ಬರೆದ ಮಗು ಮರಳಿನ ಮೇಲೆ ಅದನ್ನು ಮುಟ್ಟುವುದಿಲ್ಲ.

ನಮ್ಮ ಸಂಘಗಳ ನೋಟಿಸ್ ಬೋರ್ಡಿನಲ್ಲಿ ನಾಟಕ, ಯಕ್ಷಗಾನಗಳ ಪೋಸ್ಟರ್ ಪಕ್ಕ ಇಂಥ ನಾಲ್ಕು ಚಿತ್ರಗಳಿಗೂ ಜಾಗವಾಗಲಿ, ಕನ್ನಡದಲ್ಲೇ. ಈ ಜೂನ್‌ನಲ್ಲಿ ಪಟ್ಟಿ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಮನೆಯ ಮಕ್ಕಳನ್ನು ಕೂರಿಸಿಕೊಂಡು ನಿಮ್ಮ ಬೀದಿಯ ಅಡ್ಡಸೀಳು ಬರೆಯಿರಿ: ಸಮುದ್ರ ಅಥವಾ ಖಾಡಿ ಎಲ್ಲಿದೆ, ಚರಂಡಿ ಎತ್ತ ಇಳಿಯುತ್ತದೆ, ನಿಮ್ಮ ಸ್ಟೇಷನ್ನಿನ ಸಬ್‌ವೇ ಎಷ್ಟು ತಗ್ಗಿನಲ್ಲಿದೆ. ಬರೆದಾದ ಮೇಲೆ ಅದರ ಫೋಟೋವನ್ನೇ ಪಟ್ಟಿಯ ಜೊತೆ ಊರಿಗೆ ಕಳಿಸಿ.